ವೇಗವೆಂದರೆ ಎಷ್ಟು? : ಇಬ್ಬರು ಡ್ರೈವರುಗಳ ಮೊಕದ್ದಮೆಯ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೆಂದರೆ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಇವರ ಮಾತನ್ನೆತ್ತುವುದು ವಾಡಿಕೆ. ಆ ಮಹನೀಯರಲ್ಲಿ ನನಗೆ ಗೌರವವಿಲ್ಲವೆಂದಲ್ಲ. ಅವರನ್ನು ಕುರಿತು ನನಗಿಂತ ಎಷ್ಟೋ ಚೆನ್ನಾಗಿ ಬಲ್ಲವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ದಿನವಿಡೀ ಲೆಕ್ಕ ಬರೆಯುವ ನನ್ನಂಥವನು ಅರಸರ ಗೊಡವೆಯನ್ನು ಬಿಟ್ಟು, ಒಬ್ಬ ಬಸ್ಸಿನ ಡ್ರೈವರ ಮತ್ತು ಒಬ್ಬ ಲಾರಿಯ ಡ್ರೈವರ, ಇವರ ಚರಿತ್ರೆಯನ್ನು ಹೇಳಬಯಸುತ್ತೇನೆ. ಇಬ್ಬರ ಮೊಕದ್ದಮೆಗಳೂ ಕರ್ನಾಟಕದಲ್ಲಿ ಹುಟ್ಟಿದವು. ಇಬ್ಬರಿಗೂ ಕೆಳಗಿನ ಕೋರ್ಟುಗಳಲ್ಲಿ ಒಂದಲ್ಲ, ಎರಡೆರಡು ಸಲ ತಪ್ಪಿತಸ್ಥರೆಂಬ ತೀರ್ಪಾಯಿತು. ಇಬ್ಬರೂ ಸುಮ್ಮನಿರದೆ ಮೇಲಕ್ಕೆ ಹೋದರು. ಇಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಾವ ಊರಿನ ಕೋರ್ಟಿನಲ್ಲಿ ಮೋಟಾರು ಅಪಘಾತದ ಕ್ರಿಮಿನಲ್ ಮೊಕದ್ದಮೆ ನಡೆದರೂ ಇವರಿಬ್ಬರ ಹೆಸರು ವಕೀಲರ ಬಾಯಿಗೆ ಬರುತ್ತದೆ. ಕನ್ನಡಿಗರಾದ ನಮಗೆ ಮಾತ್ರ ಅವರ ಪರಿಚಯ ಕಡಿಮೆ.

ಚೆನ್ನೈಯಲ್ಲಿ ನೆಲೆಸಿರುವ ನಮಗೆ ಈ ವಿಷಯ ದೂರದ್ದೆಂದು ಯಾರೂ ಹೇಳಲಾರರು. ಹಬ್ಬಕ್ಕೆ, ಮದುವೆಗೆ, ಮನೆಯ ಹಿರಿಯರ ಕಾಯಿಲೆಗೆ ನಾವು ಊರಿಗೆ ಹೋಗುವುದು ಬಹುಮಟ್ಟಿಗೆ ರಾತ್ರಿಯ ಬಸ್ಸಿನಲ್ಲಿ. ವೆಲ್ಲೂರು ದಾಟುವ ಹೊತ್ತಿಗೆ ನಮಗೆ ಕಣ್ಣು ಹತ್ತಿರುತ್ತದೆ. ಕೃಷ್ಣಗಿರಿ, ಹೊಸೂರು ಬಂದುದು ಗೊತ್ತಾಗುವುದೇ ಇಲ್ಲ. ಅಷ್ಟೂ ಹೊತ್ತು ನಲವತ್ತು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಎಚ್ಚರವಾಗಿರುವವನು ಡ್ರೈವರನೊಬ್ಬನೇ. ಕ್ಷೇಮವಾಗಿ ತಲುಪಿದರೆ ಅವನ ಹೆಸರನ್ನು ಕೇಳುವವರಿಲ್ಲ. ಎಲ್ಲಿಯಾದರೂ ಬಸ್ಸು ಮಗುಚಿದರೆ ಮರುದಿನ ಪತ್ರಿಕೆಯಲ್ಲಿ 'ಅತಿವೇಗವೇ ಕಾರಣ' ಎಂಬ ಎರಡು ಪದಗಳಲ್ಲಿ ಅವನ ವಿಚಾರಣೆ ಮುಗಿದುಹೋಗಿರುತ್ತದೆ. ಈ ಎರಡು ಪದಗಳನ್ನೇ ನಮ್ಮ ಕಥಾನಾಯಕರಲ್ಲೊಬ್ಬನು ದೇಶದ ಅತ್ಯುನ್ನತ ನ್ಯಾಯಸ್ಥಾನದ ಮುಂದೆ ಎದುರಿಸಬೇಕಾಯಿತು.

ಮೊದಲು ಕಾನೂನಿನ ಹುಟ್ಟನ್ನು ಸ್ವಲ್ಪ ನೋಡೋಣ. ಭಾರತ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆ ಸಾಹೇಬನು ಇಂಡಿಯಾದ ನೆಲವನ್ನು ಮೊದಲು ಮೆಟ್ಟಿದ್ದು 1834ರ ಜೂನ್ ತಿಂಗಳಲ್ಲಿ, ಇದೇ ಮದರಾಸಿನ ಕಡಲತೀರದಲ್ಲಿ. ಇಲ್ಲಿಂದ ಪಲ್ಲಕ್ಕಿಯಲ್ಲಿ ಕುಳಿತು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗಿ ಗವರ್ನರ್ ಜನರಲ್ ಬೆಂಟಿಂಕನನ್ನು ಕಂಡನು. ಮುಂದೆ ಕನ್ನಡ ನಾಡಿನ ರಸ್ತೆಗಳಲ್ಲಿ ಗಾಡಿ ಹೊಡೆಯುವವರ ಹಣೆಬರಹವನ್ನು ಬರೆಯಬೇಕಾಗಿದ್ದವನು ಆ ರಸ್ತೆಗಳನ್ನು ಮೊದಲು ಕಂಡದ್ದು ಬೋವಿಗಳ ಹೆಗಲಿನ ಮೇಲಿನಿಂದ! ಅವನ ತಂಡದವರ 1837ರ ಕರಡಿನಲ್ಲಿ, ದುಡುಕಿನಿಂದಲೋ ಅಲಕ್ಷ್ಯದಿಂದಲೋ ಮತ್ತೊಬ್ಬನ ಸಾವಿಗೆ ಕಾರಣನಾದವನಿಗೆ ಶಿಕ್ಷೆ ವಿಧಿಸುವ ಒಂದು ವಿಧಿಯಿತ್ತು. ಆದರೆ 1860ರಲ್ಲಿ ಸಂಹಿತೆ ಅಂಗೀಕಾರವಾಗುವಾಗ ಅದು ಬಿಟ್ಟುಹೋಯಿತು. ಹತ್ತು ವರ್ಷಗಳ ತರುವಾಯ, 1870ರಲ್ಲಿ, ಆ ಕೊರತೆಯನ್ನು ತುಂಬಲು 304-ಎ ಎಂಬ ವಿಧಿಯನ್ನು ಸೇರಿಸಿದರು. ಸಂಖ್ಯೆಯ ಬೆನ್ನಿಗೆ 'ಎ' ಎಂಬ ಬಾಲ ಅಂಟಿಕೊಂಡದ್ದು ಹೀಗೆ. ಅದರ ಮೇರೆಗೆ ಗರಿಷ್ಠ ಶಿಕ್ಷೆ 2 ವರ್ಷದ ಸೆರೆವಾಸ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಸಾರ್ವಜನಿಕ ರಸ್ತೆಯಲ್ಲಿ ಮನುಷ್ಯನ ಜೀವಕ್ಕೆ ಅಪಾಯವಾಗುವಂತೆ ವಾಹನ ನಡೆಸುವುದನ್ನೂ ಕುದುರೆ ಸವಾರಿ ಮಾಡುವುದನ್ನೂ 279ನೆಯ ವಿಧಿಯು ಮೊದಲಿನಿಂದಲೇ ನಿಷೇಧಿಸಿತ್ತು. ಜಟಕಾ, ಸಾರೋಟುಗಳ ಕಾಲದ ಈ ಎರಡು ವಿಧಿಗಳೇ ಮುಂದೆ ಒಂದೂವರೆ ಶತಮಾನ ಲಾರಿ ಬಸ್ಸುಗಳನ್ನು ಆಳಿದವು.

ದುಡುಕು ಎಂದರೇನು, ಅಲಕ್ಷ್ಯವೆಂದರೇನು? ಇದಕ್ಕೆ ಇಂದಿಗೂ ವಕೀಲರು ಉದಾಹರಿಸುವ ವಿವರಣೆ ಹೊರಟದ್ದು ನಮ್ಮ ಮದರಾಸಿನ ಹೈಕೋರ್ಟಿನಿಂದಲೇ. 1872ರಲ್ಲಿ, ನಿಡಮರ್ತಿ ನಾಗಭೂಷಣಂ ಎಂಬ ಹೆಸರಿನ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಹಾಲೋವೇ ಅವರು ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಕೇಡು ಆಗಬಹುದೆಂದು ಬಲ್ಲವನಾಗಿದ್ದೂ 'ಆಗಲಾರದು ಬಿಡು' ಎಂಬ ಹುಂಬ ಧೈರ್ಯದಿಂದ ಮುನ್ನುಗ್ಗುವುದು ದುಡುಕು. ಕೇಡಿನ ಅರಿವೇ ಇಲ್ಲದೆ, ಆದರೆ ತನ್ನ ಮೇಲಿರುವ ಕರ್ತವ್ಯವನ್ನು ನೆನೆದಿದ್ದರೆ ಆ ಅರಿವು ಬಂದೇ ಬರುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ನಡೆದುಕೊಳ್ಳುವುದು ಅಲಕ್ಷ್ಯ. ತಿರುವಿನಲ್ಲಿ ಎದುರಿಗೆ ಗಾಡಿ ಬರಬಹುದೆಂದು ತಿಳಿದೂ ಮುಂದಿನ ಲಾರಿಯನ್ನು ಹಿಂದೆ ಹಾಕಲು ಹೋಗುವವನು ಮೊದಲನೆಯವನು. ಹೊರಡುವ ಮುನ್ನ ಬ್ರೇಕನ್ನು ಪರೀಕ್ಷಿಸದವನು ಎರಡನೆಯವನು. ಮೋಟಾರು ಎಂಬ ಯಂತ್ರವೇ ಇನ್ನೂ ಹುಟ್ಟಿರದ ಕಾಲದಲ್ಲಿ ಆಡಿದ ಮಾತು ಮೋಟಾರಿಗೆ ಇಷ್ಟು ಚೆನ್ನಾಗಿ ಒಪ್ಪುವುದು ಸೋಜಿಗವೇ ಸರಿ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳು ಮದರಾಸು ರಾಜ್ಯದಲ್ಲಿದ್ದವು. ಬಳ್ಳಾರಿಯು 1953ರಲ್ಲಿ ಮೈಸೂರಿಗೆ ಸೇರಿತು. ಅಲ್ಲಿಯವರೆಗೆ ಆ ಸೀಮೆಗಳ ಕನ್ನಡಿಗನು ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಬೇಕಾದರೆ ಬರಬೇಕಾಗಿದ್ದುದು ನಮ್ಮ ಬ್ರಾಡ್ವೇ ಬದಿಯ ಕೆಂಪು ಗುಮ್ಮಟಗಳ ಕಟ್ಟಡಕ್ಕೆ. ನಾವು ಪ್ರತಿವರ್ಷ ಆಚರಿಸುವ ಈ ರಾಜ್ಯೋತ್ಸವದ ದಿನವೇ ಅವರ ಅಪೀಲಿನ ದಾರಿಯನ್ನು ಬೆಂಗಳೂರಿನ ಕಡೆಗೆ ತಿರುಗಿಸಿತು. ಕಾಸರಗೋಡಿನವರ ದಾರಿ ಮಾತ್ರ ಎರ್ನಾಕುಳಂ ಕಡೆಗೆ ಹೋಯಿತು.

ಮೋಟಾರುಗಳು ಹೆಚ್ಚಿದ ಮೇಲೆ ಸರ್ಕಾರವು 1914ರಲ್ಲಿ ಒಮ್ಮೆ, 1939ರಲ್ಲಿ ಮತ್ತೊಮ್ಮೆ, 1988ರಲ್ಲಿ ಮಗುದೊಮ್ಮೆ ಪ್ರತ್ಯೇಕ ಮೋಟಾರು ವಾಹನ ಕಾಯಿದೆಗಳನ್ನು ಮಾಡಿತು. ಅಪಾಯಕರ ಚಾಲನೆಯನ್ನು 1939ರ ಕಾಯಿದೆಯ 116ನೆಯ ವಿಧಿಯೂ 1988ರ ಕಾಯಿದೆಯ 184ನೆಯ ವಿಧಿಯೂ ಅಪರಾಧವೆನ್ನುತ್ತವೆ. ರಸ್ತೆಯ ಸ್ವರೂಪವೇನು, ಅದರ ಸ್ಥಿತಿ ಹೇಗಿದೆ, ಜನಸಂಚಾರ ಎಷ್ಟಿದೆ, ಇವೆಲ್ಲವನ್ನೂ ಗಮನಿಸಿಯೇ ಚಾಲನೆಯು ಅಪಾಯಕರವೋ ಅಲ್ಲವೋ ಎಂದು ತೀರ್ಮಾನಿಸಬೇಕೆಂಬುದು ಅದರ ಹುರುಳು. ಅಂದರೆ ಒಂದೇ ವೇಗವು ಒಂದೆಡೆ ನಿರಪಾಯ, ಮತ್ತೊಂದೆಡೆ ಅಪರಾಧ. ಪಾಂಡಿ ಬಜಾರಿನ ಸಂಜೆಯ ಜನಸಂದಣಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಬಸ್ಸಿನ ಡ್ರೈವರನ ಕಥೆಗೆ ಬರೋಣ. ಮೊಕದ್ದಮೆಯ ಹೆಸರು ಸೈಯದ್ ಅಕ್ಬರ್ ವಿರುದ್ಧ ಕರ್ನಾಟಕ ರಾಜ್ಯ. ಸುಪ್ರೀಂ ಕೋರ್ಟಿನ ತೀರ್ಪು ಹೊರಬಿದ್ದದ್ದು 1979ರಲ್ಲಿ. ಆತನು ಪ್ರಯಾಣಿಕರ ಬಸ್ಸನ್ನು ನಡೆಸಿಕೊಂಡು ಹೋಗುತ್ತಿದ್ದಾಗ ಒಂದು ಪುಟ್ಟ ಮಗು ಬಸ್ಸಿಗೆ ಸಿಕ್ಕಿ ಪ್ರಾಣಬಿಟ್ಟಿತು. ಮ್ಯಾಜಿಸ್ಟ್ರೇಟರು 304-ಎ ಪ್ರಕಾರ ಅವನನ್ನು ತಪ್ಪಿತಸ್ಥನೆಂದರು. ಅಪೀಲಿನಲ್ಲಿಯೂ ಅದೇ ಆಯಿತು. ಹೈಕೋರ್ಟಿನಲ್ಲಿ ಹಾಕಿದ ರಿವಿಜನ್ ಅರ್ಜಿಯೂ ವಜಾ ಆಯಿತು. ಮೂರು ಮೆಟ್ಟಿಲು ಹತ್ತಿ ಮೂರರಲ್ಲಿಯೂ ಸೋತ ಒಬ್ಬ ಬಸ್ಸಿನ ಡ್ರೈವರನು ದಿಲ್ಲಿಯವರೆಗೆ ಹೋಗುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಅಷ್ಟು ದೂರ ಹೋಗದೆ ಶಿಕ್ಷೆಯನ್ನು ಅನುಭವಿಸಿ ಸುಮ್ಮನಾದವರು ಎಷ್ಟು ಮಂದಿಯೋ!

ಕೆಳಗಿನ ಕೋರ್ಟುಗಳು ಅವನನ್ನು ತಪ್ಪಿತಸ್ಥನೆಂದದ್ದು ಹೇಗೆ? ಘಟನೆಯನ್ನು ಕಣ್ಣಾರೆ ಕಂಡ ಸಾಕ್ಷಿಗಳು ಇದ್ದರು. ಆದರೆ ಅವರು ಕೋರ್ಟಿನ ಕಟಕಟೆಯಲ್ಲಿ ನಿಂತು, ಮಗುವು ಇದ್ದಕ್ಕಿದ್ದಂತೆ ರಸ್ತೆಗೆ ಅಡ್ಡಲಾಗಿ ಓಡಿಬಂದಿತೆಂದು ನುಡಿದರು. ಸರ್ಕಾರದ ಪರ ವಕೀಲರಿಗೆ ಇದು ಹಿಡಿಸಲಿಲ್ಲ. ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಸಾರಿ ತಾವೇ ಪಾಟೀ ಸವಾಲು ಮಾಡಿದರು. ಒಮ್ಮೆ ಆ ಹಣೆಪಟ್ಟಿ ಬಿದ್ದೊಡನೆ ಅವರ ಮಾತನ್ನೆಲ್ಲ ಒಟ್ಟಾಗಿ ಗುಡಿಸಿ ಹೊರಕ್ಕೆ ಹಾಕಿದ್ದಾಯಿತು. ಕಂಡವರ ಮಾತು ಹೋದ ಮೇಲೆ ಉಳಿದದ್ದೇನು? ಬಸ್ಸು ರಸ್ತೆಯ ತನ್ನ ಪಕ್ಕವನ್ನು ಬಿಟ್ಟು ಬಲಕ್ಕೆ ಸರಿದಿತ್ತು ಎಂಬುದು. ಮಗು ಸತ್ತಿತ್ತು ಎಂಬುದು. ಇಷ್ಟೇ ಸಾಕು, ಘಟನೆ ತಾನೇ ಮಾತನಾಡುತ್ತದೆ ಎಂದು ಕೆಳಗಿನ ಕೋರ್ಟುಗಳು ತೀರ್ಮಾನಿಸಿದವು.

'ಘಟನೆ ತಾನೇ ಮಾತನಾಡುತ್ತದೆ' ಎನ್ನುವುದು ಒಂದು ಲ್ಯಾಟಿನ್ ಸೂತ್ರ: 'ರೆಸ್ ಇಪ್ಸಾ ಲೊಕ್ವಿಟರ್'. ಅಪಘಾತದ ಕಾನೂನಿಗೆ ಇದು ಬಂದ ಬಗೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಒಬ್ಬನು ಬೀದಿಯಲ್ಲಿ ನಡೆದುಹೋಗುತ್ತಿರುವಾಗ ವ್ಯಾಪಾರಿಯೊಬ್ಬನ ಮಳಿಗೆಯ ಮಹಡಿಯಿಂದ ಹಿಟ್ಟಿನ ಪೀಪಾಯಿಯೊಂದು ಅವನ ಮೇಲೆ ಬಿತ್ತು. ಪೀಪಾಯಿ ಹೇಗೆ ಬಿತ್ತೆಂದು ಕಂಡವರಿಲ್ಲ. 1863ರಲ್ಲಿ ಅಲ್ಲಿನ ನ್ಯಾಯಾಧೀಶರು, ಪೀಪಾಯಿಗಳು ತಮ್ಮಷ್ಟಕ್ಕೆ ತಾವೇ ಮಹಡಿಯಿಂದ ಉರುಳುವುದಿಲ್ಲ, ಯಾರ ವಶದಲ್ಲಿತ್ತೋ ಅವನೇ ಉತ್ತರ ಹೇಳಬೇಕು ಎಂದು ಪರಿಹಾರದ ಬಾಗಿಲನ್ನು ತೆರೆದರು. ಸರಿಯಾದ ನ್ಯಾಯವೇ. ಆದರೆ ಅದು ಹಣದ ಪರಿಹಾರಕ್ಕಾಗಿ ಹೂಡಿದ ಸಿವಿಲ್ ದಾವೆ; ಒಬ್ಬನನ್ನು ಸೆರೆಮನೆಗೆ ಕಳುಹಿಸುವ ಮೊಕದ್ದಮೆಯಲ್ಲ.

ಈ ಅಂತರವನ್ನು ನಮ್ಮ ಕಸುಬಿನಿಂದ ಒಂದು ದೃಷ್ಟಾಂತ ಕೊಟ್ಟು ಹೇಳುತ್ತೇನೆ, ಓದುಗರು ಮನ್ನಿಸಬೇಕು. ಸಂಜೆ ನಗದು ಎಣಿಸುವಾಗ ಐನೂರು ರೂಪಾಯಿ ಕಡಮೆ ಬಂದಿತೆನ್ನಿ. ಕ್ಯಾಷಿಯರನು ತನ್ನ ಕೈಯಿಂದ ಅದನ್ನು ಕಟ್ಟಿಕೊಡಬೇಕು. ಹೇಗೆ ಹೋಯಿತೆಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೂ ಪೆಟ್ಟಿಗೆ ಅವನ ವಶದಲ್ಲಿತ್ತು, ಕಟ್ಟುತ್ತಾನೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ನಗದು ಕಡಮೆಯಾಗಿದೆ ಎಂಬ ಒಂದೇ ಕಾರಣದಿಂದ 'ಇವನು ಕಳ್ಳ' ಎಂದು ಪೋಲೀಸಿನವರಿಗೆ ಒಪ್ಪಿಸಿದರೆ ಯಾವ ಶಾಖೆಯಾದರೂ ಸುಮ್ಮನಿದ್ದೀತೆ? ಕಟ್ಟಿಕೊಡುವ ಹೊಣೆಗೆ ಪೆಟ್ಟಿಗೆಯ ಬೀಗದ ಕೈ ಸಾಕು. ಕಳ್ಳನೆನ್ನಲು ರುಜುವಾತು ಬೇಕು.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸರ್ಕಾರಿಯಾ ಅವರು ಬರೆದ ತೀರ್ಪಿನ ತಿರುಳೂ ಇದೇ. ಆ ಲ್ಯಾಟಿನ್ ಸೂತ್ರವು ಸಾಕ್ಷ್ಯವನ್ನು ತೂಗಿ ನೋಡಲು ಒದಗುವ ಒಂದು ಸಹಾಯವೇ ಹೊರತು ರುಜುವಾತಿನ ಭಾರವನ್ನು ಸರ್ಕಾರದ ತಲೆಯಿಂದಿಳಿಸಿ ಆಪಾದಿತನ ತಲೆಗೆ ಏರಿಸುವ ಸಾಧನವಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆ ಭಾರವು ಮೊದಲಿನಿಂದ ಕೊನೆಯವರೆಗೆ ಸರ್ಕಾರದ ಮೇಲೆಯೇ ಇರುತ್ತದೆ. ಇನ್ನು ಸಾಕ್ಷಿಗಳ ಮಾತು. ಪ್ರತಿಕೂಲ ಸಾಕ್ಷಿಯೆಂದು ಹೆಸರಿಟ್ಟ ಮಾತ್ರಕ್ಕೆ ಒಬ್ಬನ ಹೇಳಿಕೆ ಅಳಿಸಿಹೋಗುವುದಿಲ್ಲ. ಅದರಲ್ಲಿ ನಂಬತಕ್ಕ ಭಾಗವಿದ್ದರೆ ಕೋರ್ಟು ಅದನ್ನು ಎಚ್ಚರದಿಂದ ಹೆಕ್ಕಿಕೊಳ್ಳಬೇಕು. ಹಾಗೆ ಹೆಕ್ಕಿ ನೋಡಿದಾಗ ಚಿತ್ರವೇ ಬದಲಾಯಿತು. ಮಗು ಹಠಾತ್ತನೆ ಅಡ್ಡ ಓಡಿತು. ಅದನ್ನು ಉಳಿಸಬೇಕೆಂದೇ ಡ್ರೈವರನು ಬಸ್ಸನ್ನು ಬಲಕ್ಕೆ ಎಳೆದನು. ಯಾವುದನ್ನು ಕೆಳಗಿನ ಕೋರ್ಟುಗಳು ಅವನ ಅಪರಾಧದ ಗುರುತೆಂದು ಹಿಡಿದಿದ್ದವೋ ಅದೇ ಅವನು ಮಗುವನ್ನು ಉಳಿಸಲು ಮಾಡಿದ ಪ್ರಯತ್ನವಾಗಿತ್ತು! ಆ ಒಂದು ಕ್ಷಣದಲ್ಲಿ ಅವನ ಅಂದಾಜು ತಪ್ಪಿತು. ಎಡಕ್ಕೆ ತಿರುಗಿಸಿದ್ದರೆ ಉಳಿಯುತ್ತಿತ್ತೇನೋ. ಆದರೆ ಅಂದಾಜಿನ ತಪ್ಪು ಬೇರೆ, ಶಿಕ್ಷಾರ್ಹವಾದ ಘೋರ ಅಲಕ್ಷ್ಯ ಬೇರೆ ಎಂದು ಹೇಳಿ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು.

ಲಾರಿಯ ಡ್ರೈವರನ ಕಥೆ ಇದಕ್ಕಿಂತ ಘೋರವಾದುದು. 1982ರ ನವೆಂಬರ್ 25, ಬೆಳಿಗ್ಗೆ ಸುಮಾರು ಎಂಟೂವರೆ. ಪೂರ್ತಿ ಭಾರ ಹೇರಿದ ಲಾರಿಯೊಂದು ಹಳ್ಳವೊಂದನ್ನು ದಾಟುವಾಗ ಮಗುಚಿಕೊಂಡಿತು. ಅದರಲ್ಲಿ ಪ್ರಯಾಣ ಮಾಡುತ್ತಿದ್ದವರ ಪೈಕಿ 15 ಮಂದಿ ಸತ್ತರು. ಸುಮಾರು 18 ಮಂದಿಗೆ ಪೆಟ್ಟಾಯಿತು. ಸರಕಿನ ಲಾರಿಯ ಮೇಲೆ ಮೂವತ್ತಕ್ಕೂ ಮಿಕ್ಕಿ ಜನ! ನಮ್ಮ ಹಳ್ಳಿಗಾಡಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಸ್ಸಿಲ್ಲದ ಊರುಗಳಲ್ಲಿ ಸಂತೆಗೂ ಜಾತ್ರೆಗೂ ಕೂಲಿಗೂ ಜನ ಲಾರಿಯನ್ನೇ ಹತ್ತುತ್ತಿದ್ದರು.

ಇಷ್ಟು ಸಾವುಗಳಾದ ಮೇಲೆ ಯಾರನ್ನಾದರೂ ಹೊಣೆ ಮಾಡಲೇಬೇಕೆಂಬ ಭಾವನೆ ಸಹಜ. ಲಾರಿಯು ಹೆಚ್ಚು ವೇಗದಲ್ಲಿತ್ತೆಂದು ಸಾಕ್ಷಿಗಳು ನುಡಿದರು. ವಿಚಾರಣೆಯ ಕೋರ್ಟು, ಅಪೀಲು ಕೋರ್ಟು ಎರಡೂ ಅಷ್ಟನ್ನೇ ಹಿಡಿದು, ಮೇಲೆ ಹೇಳಿದ ಅದೇ ಲ್ಯಾಟಿನ್ ಸೂತ್ರವನ್ನು ಜೊತೆಗೆ ಸೇರಿಸಿ, 304-ಎ ಮತ್ತು ಗಾಯಗಳಿಗೆ ಸಂಬಂಧಪಟ್ಟ 337, 338ನೆಯ ವಿಧಿಗಳ ಮೇರೆಗೆ ಡ್ರೈವರನನ್ನು ತಪ್ಪಿತಸ್ಥನೆಂದವು. ಅವನು ಹೈಕೋರ್ಟಿಗೆ ಹೋದನು. ಹೈಕೋರ್ಟು ಬಿಡುಗಡೆ ಮಾಡಿತು. ಸರ್ಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಅಪೀಲು ಹೋಯಿತು. ಕರ್ನಾಟಕ ರಾಜ್ಯ ವಿರುದ್ಧ ಸತೀಶ್ ಎಂಬ ಹೆಸರಿನ ಆ ಅಪೀಲು ತೀರ್ಮಾನವಾದದ್ದು 1998ರಲ್ಲಿ. ಲಾರಿ ಮಗುಚಿ ಆಗಲೇ ಹದಿನಾರನೆಯ ವರ್ಷ ನಡೆಯುತ್ತಿತ್ತು.

ವೇಗವೆಂದರೆ ಎಷ್ಟು? ಸುಪ್ರೀಂ ಕೋರ್ಟು ಎತ್ತಿದ್ದು ಈ ಒಂದೇ ಪ್ರಶ್ನೆಯನ್ನು ಎಂದರೂ ಸಲ್ಲುತ್ತದೆ. ಸಾಕ್ಷಿ ನುಡಿದವರಲ್ಲಿ ಒಬ್ಬನಾದರೂ, ಹೆಚ್ಚು ವೇಗವೆಂದರೆ ತನ್ನ ಮನಸ್ಸಿನಲ್ಲಿ ಏನಿತ್ತೆಂದು ಅಂದಾಜಿಗಾದರೂ ಹೇಳಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಮೂವತ್ತು ಮೈಲಿಯೂ ಮಹಾವೇಗವೇ. ಹೆದ್ದಾರಿಯಲ್ಲಿ ಕಾರು ಓಡಿಸುವವನಿಗೆ ಅದು ಆಮೆಯ ನಡಿಗೆ. ವೇಗವೆಂಬುದು ಸಾಪೇಕ್ಷವಾದ ಮಾತು. ಅದರಿಂದಲೇ ದುಡುಕೂ ಅಲಕ್ಷ್ಯವೂ ಸಿದ್ಧವಾಗುವುದಿಲ್ಲ. ಈ ಎರಡರಲ್ಲಿ ಒಂದನ್ನು ಸರ್ಕಾರವು ಸಾಕ್ಷ್ಯದಿಂದ ತೋರಿಸಿಕೊಡಬೇಕಾಗಿತ್ತು ಎಂದು ನ್ಯಾಯಾಲಯವು ಹೇಳಿತು. ಮೋಟಾರು ವಾಹನ ಕಾಯಿದೆಯೇ ಈ ವಿಷಯದಲ್ಲಿ ಎಚ್ಚರ ವಹಿಸಿದೆಯೆಂಬುದು ಅನೇಕರಿಗೆ ತಿಳಿಯದು. ವೇಗದ ಮಿತಿಯನ್ನು ಮೀರಿದ ಆಪಾದನೆಯಿದ್ದಲ್ಲಿ, ಯಂತ್ರದ ಅಳತೆಯ ಆಧಾರವಿಲ್ಲದೆ ಕೇವಲ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಶಿಕ್ಷಿಸಕೂಡದೆಂದು 183ನೆಯ ವಿಧಿಯಲ್ಲಿದೆ. ಬರಿಯ ಜುಲ್ಮಾನೆಗೇ ಇಷ್ಟು ಕಟ್ಟುನಿಟ್ಟಾದರೆ ಸೆರೆವಾಸಕ್ಕೆ ಎಷ್ಟಿರಬೇಕು?

ಆದರೆ ಈ ತೀರ್ಪಿನಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು ಬೇರೊಂದು ಸಂಗತಿ. ಲಾರಿ ಮಗುಚುವ ಮುನ್ನ ದೊಡ್ಡದೊಂದು ಕುಲುಕು ಆಯಿತೆಂದು ಸಾಕ್ಷ್ಯದಲ್ಲಿ ಬಂದಿತ್ತು. ಆ ಕುಲುಕು ಹಳ್ಳದ ಏರುಪೇರಿನಿಂದಲೋ, ಯಂತ್ರದ ಭಾಗವೇನಾದರೂ ಮುರಿದುದರಿಂದಲೋ? ಇದಕ್ಕೆ ಉತ್ತರ ಹೇಳಬಲ್ಲವನು ಒಬ್ಬನಿದ್ದನು: ಲಾರಿಯನ್ನು ಪರೀಕ್ಷಿಸಿದ ಮೋಟಾರು ವಾಹನ ಇನ್‌ಸ್ಪೆಕ್ಟರನು. ಅವನು ವರದಿಯನ್ನೂ ಒಪ್ಪಿಸಿದ್ದನು. ಆ ವರದಿಯೇ ದಾಖಲೆಯಲ್ಲಿ ಇರಲಿಲ್ಲ! ಇನ್‌ಸ್ಪೆಕ್ಟರನನ್ನು ಸಾಕ್ಷಿಯಾಗಿ ಕರೆಸಿರಲೂ ಇಲ್ಲ. ಕಾರಣವನ್ನು ಸರ್ಕಾರದ ಪರದವರೇ ಬಲ್ಲರು. ನಮ್ಮ ಕಚೇರಿಯಲ್ಲಿ ನೂರು ರೂಪಾಯಿಯ ವೋಚರೊಂದು ಕಾಣೆಯಾದರೆ ಆಡಿಟರು ಮೂರು ದಿನ ಬಿಡುವುದಿಲ್ಲ. 15 ಜೀವಗಳ ಲೆಕ್ಕದಲ್ಲಿ ಮುಖ್ಯ ವೋಚರೇ ಇಲ್ಲದೆ ಎರಡು ಕೋರ್ಟುಗಳು ಬಾಕಿಯನ್ನು ತಾಳೆ ಮಾಡಿಬಿಟ್ಟಿದ್ದವು. ಡ್ರೈವರನ ಬಿಡುಗಡೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದು ನ್ಯಾಯವೇ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಹಳ್ಳದಲ್ಲಿ ಸತ್ತವರ ಮನೆಯವರಿಗೆ, ಆ ಬೆಳಿಗ್ಗೆ ನಿಜವಾಗಿ ನಡೆದದ್ದೇನೆಂದು ಹೇಳಿದವರು ಯಾರು? ಡ್ರೈವರನು ನಿರಪರಾಧಿಯಾಗಿದ್ದರೆ ಅವನನ್ನು ವರ್ಷಗಟ್ಟಳೆ ಅಲೆಸಿದ್ದಾಯಿತು. ಅಪರಾಧಿಯಾಗಿದ್ದರೆ ಒಂದು ಕಾಗದದ ದೆಸೆಯಿಂದ ಅವನು ಹೊರಗೆ ನಡೆದದ್ದಾಯಿತು.

ಇಷ್ಟನ್ನು ಓದಿದವರು ನ್ಯಾಯಾಲಯವು ಡ್ರೈವರುಗಳ ಪಕ್ಷಪಾತಿಯೆಂದು ಭಾವಿಸಬಾರದು. ರುಜುವಾತಾದಲ್ಲಿ ಅದು ಕಠಿಣವಾಗಿಯೇ ನಡೆದುಕೊಂಡಿದೆ. ಕರ್ನಾಟಕದ್ದೇ ಆದ ಮತ್ತೊಂದು ಮೊಕದ್ದಮೆಯಲ್ಲಿ, ಕೃಷ್ಣ ಉರುಫ್ ರಾಜು ಎಂಬ ಹೆಸರಿನದು, 304-ಎ ಅಪರಾಧಕ್ಕೆ ಮ್ಯಾಜಿಸ್ಟ್ರೇಟರು 250 ರೂಪಾಯಿ ಜುಲ್ಮಾನೆಯನ್ನಷ್ಟೇ ಹಾಕಿದ್ದರು. 1987ರಲ್ಲಿ ಸುಪ್ರೀಂ ಕೋರ್ಟು, ಒಂದು ಪ್ರಾಣಕ್ಕೆ ಇದು ಚಿಗಟ ಕಚ್ಚಿದಷ್ಟು ಶಿಕ್ಷೆಯೆಂಬ ಅರ್ಥದ ಕಟು ಮಾತನ್ನಾಡಿ, 6 ತಿಂಗಳ ಕಠಿಣ ಸಜೆ ಮತ್ತು 1,000 ರೂಪಾಯಿ ಜುಲ್ಮಾನೆಯನ್ನು ವಿಧಿಸಿತು. 2000ದಲ್ಲಿ ಹರಿಯಾಣದ ದಲ್ಬೀರ್ ಸಿಂಗ್ ಮೊಕದ್ದಮೆಯಲ್ಲಿ, ಇಂಥ ಅಪರಾಧಿಗಳನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಟ್ಟುಬಿಡುವುದು ಸಲ್ಲದೆಂದೂ ಹೇಳಿತು.

ಡ್ರೈವರನು ಬಿಡುಗಡೆಯಾದರೆ ಸತ್ತವರ ಸಂಸಾರದ ಗತಿಯೇನು? ಇದಕ್ಕೆ ಉತ್ತರ ಸಿಕ್ಕಿದ್ದು ನಾವಿರುವ ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ. ಎನ್.ಕೆ.ವಿ. ಬ್ರದರ್ಸ್ ಎಂಬ ಕಂಪನಿಯ ಬಸ್ಸು ಕತ್ತಲಾದ ಮೇಲೆ ಹೋಗುತ್ತಿರುವಾಗ ಜೋತುಬಿದ್ದಿದ್ದ ಹೆಚ್ಚು ಒತ್ತಡದ ವಿದ್ಯುತ್ ತಂತಿಗೆ ತಗುಲಿತು. 26 ಮಂದಿ ಅನಾಹುತಕ್ಕೆ ಸಿಕ್ಕಿದರು. ಅವರಲ್ಲಿ 8 ಮಂದಿ ಅಲ್ಲಿಯೇ ಅಸುನೀಗಿದರು. ಕ್ರಿಮಿನಲ್ ಕೋರ್ಟು ಇದು ದೈವಕೃತವೆಂದು ಡ್ರೈವರನನ್ನು ಬಿಟ್ಟಿತು. ಹಾಗಾದರೆ ಪರಿಹಾರವೂ ಇಲ್ಲ ಎಂದು ಕಂಪನಿಯವರು ವಾದಿಸಿದರು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ವಾದವನ್ನು ತಳ್ಳಿಹಾಕಿದರು. ಸೆರೆಗೆ ಕಳುಹಿಸಲು ಬೇಕಾದ ರುಜುವಾತು ಒಂದು ತೂಕದ್ದು, ಪರಿಹಾರ ಕೊಡಿಸಲು ಬೇಕಾದದ್ದು ಅದಕ್ಕಿಂತ ಹಗುರವಾದುದು. ಮೊದಲನೆಯದರಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಎರಡನೆಯದು ಬಿದ್ದುಹೋಗುವುದಿಲ್ಲ. ನಗದು ಪೆಟ್ಟಿಗೆಯ ನಮ್ಮ ಕ್ಯಾಷಿಯರನ ನ್ಯಾಯವೇ ಇದು. ಇದಾದ ಎರಡು ವರ್ಷಕ್ಕೆ, 1982ರಲ್ಲಿ, ಯಾರ ತಪ್ಪೆಂದು ಕೇಳದೆಯೇ ಸಾವಿಗೆ 15,000 ರೂಪಾಯಿ ಕೊಡಬೇಕೆಂಬ ವಿಧಿಯನ್ನು ಕಾಯಿದೆಗೆ ಸೇರಿಸಿದರು. 1994ರಲ್ಲಿ ಈ ಮೊತ್ತವನ್ನು 50,000ಕ್ಕೆ ಏರಿಸಿದರು.

ಈ ಹಣದ ಕೊನೆಯ ಘಟ್ಟವನ್ನು ಬ್ಯಾಂಕಿನವರಾದ ನಾವು ಕಾಣುತ್ತೇವೆ. ಕೇರಳದ ಸರ್ಕಾರಿ ಬಸ್ಸಿಗೆ ಸಂಬಂಧಿಸಿದ ಸೂಸಮ್ಮ ಥಾಮಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲನ್ನು ಅವರು ಪ್ರಾಪ್ತವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ಮುದ್ದತಿನ ಠೇವಣಿಯಾಗಿ ಇರಿಸಬೇಕು, ಅದರ ಮೇಲೆ ಸಾಲ ಕೊಡಕೂಡದು ಎಂದು ನಿಯಮ ಮಾಡಿತು. ಅಂಥ ಠೇವಣಿಯ ರಸೀದಿಗಳು ನಮ್ಮ ಕಪಾಟಿನಲ್ಲಿವೆ. ಮೂರು ತಿಂಗಳಿಗೊಮ್ಮೆ ತಾಯಂದಿರು ಬಡ್ಡಿಗಾಗಿ ಬಂದು ಕುಳಿತುಕೊಳ್ಳುತ್ತಾರೆ. ಕೈಹಿಡಿದುಕೊಂಡು ಬಂದ ಮಗು ವರ್ಷ ವರ್ಷಕ್ಕೆ ಎತ್ತರವಾಗುತ್ತದೆ. ಶಾಲೆಯ ಫೀಜಿಗೆಂದು ಅಸಲಿನಲ್ಲಿ ಸ್ವಲ್ಪ ಕೊಡಿ ಎಂದು ಕೇಳುವವರಿಗೆ, 'ಟ್ರಿಬ್ಯೂನಲಿನ ಅಪ್ಪಣೆ ತನ್ನಿ, ತಾಯಿ' ಎಂದು ಹೇಳುವುದು ನಮ್ಮ ಕೆಲಸಗಳಲ್ಲೆಲ್ಲ ಕಷ್ಟದ್ದು. ನಿಯಮ ಒಳ್ಳೆಯದೇ, ಅದು ಇಲ್ಲದಿದ್ದರೆ ಆ ಹಣ ನೆಂಟರಿಷ್ಟರ ಕೈಯಲ್ಲಿ ಎಂದೋ ಕರಗಿಹೋಗುತ್ತಿತ್ತು. ಆದರೂ ಎದುರಿಗೆ ಕುಳಿತವಳ ಮುಖ ನೋಡಿ ನಿಯಮ ಹೇಳುವುದು ಸುಲಭವಲ್ಲ.

ಕಾನೂನು ಈಚೆಗೆ ಬಿಗಿಯಾಗುತ್ತ ಬಂದಿದೆ. 2019ರ ತಿದ್ದುಪಡಿಯು ಕೆಂಪು ದೀಪವನ್ನು ದಾಟುವುದು, ವಾಹನ ನಡೆಸುತ್ತ ಕೈಯಲ್ಲಿ ಮೊಬೈಲು ಹಿಡಿಯುವುದು, ಎದುರುದಾರಿಯಲ್ಲಿ ನುಗ್ಗುವುದು ಇವನ್ನೆಲ್ಲ 184ನೆಯ ವಿಧಿಯ ಅಪಾಯಕರ ಚಾಲನೆಯ ಪಟ್ಟಿಗೆ ಸೇರಿಸಿತು. 2024ರ ಜುಲೈ 1ರಂದು ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. 304-ಎ ಇದ್ದ ಸ್ಥಳಕ್ಕೆ 106ನೆಯ ವಿಧಿ, 279 ಇದ್ದ ಸ್ಥಳಕ್ಕೆ 281ನೆಯ ವಿಧಿ ಬಂದವು. ಅಲಕ್ಷ್ಯದ ಸಾವಿಗೆ ಗರಿಷ್ಠ ಸೆರೆವಾಸವು 2 ವರ್ಷದಿಂದ 5 ವರ್ಷಕ್ಕೆ ಏರಿತು. ಅಪಘಾತ ಮಾಡಿ ಯಾರಿಗೂ ತಿಳಿಸದೆ ಓಡಿಹೋದವನಿಗೆ 10 ವರ್ಷದವರೆಗೆ ಶಿಕ್ಷೆಯೆಂಬ ಉಪವಿಧಿಯೂ ಇತ್ತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷವೇ ಎಂದು 2024ರ ಜನವರಿಯಲ್ಲಿ ಅನೇಕ ರಾಜ್ಯಗಳ ಲಾರಿ ಡ್ರೈವರುಗಳು ಮುಷ್ಕರ ಹೂಡಿದರು. ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು. ಡ್ರೈವರುಗಳ ಭಯ ಹುಸಿಯೆಂದು ನಾನು ಹೇಳಲಾರೆ. ರಸ್ತೆಯ ಬದಿಯಲ್ಲಿ ಸೇರುವ ಗುಂಪಿಗೆ ಪಾಟೀ ಸವಾಲು, ರುಜುವಾತಿನ ಭಾರ ಇವು ಯಾವುವೂ ಗೊತ್ತಿಲ್ಲ.

ವಾಹನವು ಓಡಿಹೋಗಿ ಪತ್ತೆಯಾಗದಿದ್ದಲ್ಲಿ ಮನೆಯವರು ಮಾಡತಕ್ಕದ್ದೇನೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲವಾದ್ದರಿಂದ ಅದನ್ನೂ ಬರೆದಿಡುತ್ತೇನೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಾಗಿದ್ದರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾಗಿದ್ದರೆ 50,000 ರೂಪಾಯಿ ದೊರೆಯುತ್ತದೆ. ಅರ್ಜಿಯನ್ನು ಕೊಡಬೇಕಾದದ್ದು ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ರೆವಿನ್ಯೂ ಅಧಿಕಾರಿಗೆ; ವಕೀಲರ ಅಗತ್ಯವಿಲ್ಲ. ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವುದರಿಂದ, ಖಾತೆಯಿಲ್ಲದವರು ಮೊದಲು ತಮ್ಮ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆದು ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ಕಾಣಿಸಬೇಕು.